ಪದಚರ್ಚೆ: ಗ್ರಾಫಿಕ್ಸ್ ಕಾರ್ಡ್ ‘ಹೊಂದಾಣಿಕೆ’ ಆಗುತ್ತೋ, ‘ಒಗ್ಗುತ್ತೋ’?

ಬಳಗದ ಎಲ್ಲರಿಗೂ ನಮಸ್ಕಾರ.

ಆಪಲ್ ಕಂಪನಿಯ ಹಳೆಯ ಮ್ಯಾಕ್ ಪ್ರೊ ಗಣಕಕ್ಕೆ, ಅಂದರೆ ಬಳಸುವವರ ಬಾಯಲ್ಲಿ ‘5,1’ ಆಗಿರುವ 2010 ಮತ್ತು 2012ರ ಮಾದರಿಗೆ, ಹೊಸ ಗ್ರಾಫಿಕ್ಸ್ ಕಾರ್ಡ್ (ಪರದೆಗೆ ಚಿತ್ರ ಕೊಡುವ ಬಿಡಿಭಾಗ) ಆರಿಸಿಕೊಳ್ಳುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಎರಡು ಪದಗಳ ಬಗ್ಗೆ ತಕರಾರು ಎದ್ದಿದೆ. ‘ಕಂಪ್ಯಾಟಿಬಲ್’ ಬಂದಲ್ಲೆಲ್ಲ ಕರಡಿನಲ್ಲಿ ‘ಹೊಂದಾಣಿಕೆಯಾಗುವ’ ಎಂದಿದೆ, ‘ಕ್ವಯಟ್’ ಬಂದಲ್ಲೆಲ್ಲ ‘ನಿಶ್ಶಬ್ದ’. ಒಂದು ವಾಕ್ಯ ಹೀಗಿದೆ: ‘ನಿಮ್ಮ ಗಣಕಕ್ಕೆ ಹೊಂದಾಣಿಕೆಯಾಗುವ ನಿಶ್ಶಬ್ದ ಕಾರ್ಡನ್ನು ಆಯ್ಕೆ ಮಾಡಿಕೊಳ್ಳಿ.’ ವ್ಯಾಕರಣದ ದೋಷವೇನೂ ಇಲ್ಲ. ಆದರೆ ಇದನ್ನು ಓದಿ ಯಾರೂ ಅಂಗಡಿಗೆ ಹೋಗಿ ಸರಿಯಾದ ಕಾರ್ಡ್ ತರಲಾರರು. ಬಳಕೆಯಲ್ಲಿರುವ ಬೇರೆ ಮಾತುಗಳಿದ್ದರೆ ತಿಳಿಸಿ.

*

ಪದಕ್ಕಿಂತ ಮೊದಲು ಕಾರ್ಡ್ ಎಲ್ಲೆಲ್ಲಿ ಕೈಕೊಡುತ್ತದೆ ಅಂತ ನೋಡಬೇಕು. ಈ ಯಂತ್ರದಲ್ಲಿ ನಾಲ್ಕು ಕಡೆ ಕೈಕೊಡಬಹುದು, ನಾಲ್ಕಕ್ಕೂ ಕಾರಣ ಬೇರೆ ಬೇರೆ. ಇಂಗ್ಲಿಷಿನಲ್ಲಿ ನಾಲ್ಕಕ್ಕೂ ಒಂದೇ ಪದ ಇದೆ ಅಂದಮಾತ್ರಕ್ಕೆ ನಾವೂ ಒಂದರಲ್ಲೇ ಮುಗಿಸಬೇಕಿಲ್ಲ. ಅಲ್ಲದೆ ‘ಹೊಂದಾಣಿಕೆ’ ಅನ್ನುವುದು, ಬಸ್ಸಿನ ಸೀಟಿನಿಂದ ಹಿಡಿದು ಚುನಾವಣೆಯ ‘ಒಳ ಹೊಂದಾಣಿಕೆ’ಯವರೆಗೆ, ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವ ಮಾತು. ಇಲ್ಲಿ ಕಾರ್ಡೂ ಬಿಟ್ಟುಕೊಡುವುದಿಲ್ಲ, ಮದರ್‌ಬೋರ್ಡೂ ಬಿಟ್ಟುಕೊಡುವುದಿಲ್ಲ.

ಮೊದಲು ಜಾಗದ ಮಾತು. ಇದಕ್ಕೆ ‘ಕೂರುತ್ತೆ’ ಅಂದರೆ ಸಾಕು. ಯಂತ್ರದಲ್ಲಿ ಕಾರ್ಡ್ ಸಿಕ್ಕಿಸುವ ನಾಲ್ಕು ಸ್ಲಾಟುಗಳಿವೆ, ಎಲ್ಲವೂ ಪಿಸಿಐ ಎಕ್ಸ್‌ಪ್ರೆಸ್ ಎಂಬ ಮಾನಕದ 2.0 ಆವೃತ್ತಿಯವು. ಕೆಳಗಿನ ಎರಡಕ್ಕೆ 16 ಲೇನು (ಮಾಹಿತಿ ಹರಿಯುವ ದಾರಿ), ಮೇಲಿನ ಎರಡಕ್ಕೆ 4. ತೀರ ಕೆಳಗಿನ ಸ್ಲಾಟಿನಲ್ಲಿ ಎರಡು ಸ್ಲಾಟ್ ದಪ್ಪದ ಕಾರ್ಡ್ ಕೂರುವಷ್ಟು ಜಾಗವಿದೆ. ಅದಕ್ಕೂ ದಪ್ಪದ್ದನ್ನು ತಂದರೆ ಪಕ್ಕದ ಸ್ಲಾಟ್ ಕಳೆದುಕೊಂಡಂತೆ. 3.0 ಕಾರ್ಡ್ ಇದರಲ್ಲಿ ಕೂರುತ್ತೆ, ಕೆಲಸವನ್ನೂ ಮಾಡುತ್ತೆ, ವೇಗ ಮಾತ್ರ 2.0ರದ್ದು.

ಎರಡನೆಯದು ಕರೆಂಟು, ಇದಕ್ಕೆ ‘ಸಾಲುತ್ತೆ’. ಸ್ಲಾಟಿನಿಂದ 75 ವ್ಯಾಟ್, ಬೋರ್ಡಿನ ಮೇಲಿರುವ ಆರು ಪಿನ್ನಿನ ಎರಡು ಪುಟ್ಟ ಸಾಕೆಟ್‌ಗಳಿಂದ ತಲಾ 75 ವ್ಯಾಟ್, ಒಟ್ಟು 225. ಪವರ್ ಸಪ್ಲೈ 980 ವ್ಯಾಟಿನದು ನಿಜ, ಆದರೆ ಮಾಮೂಲಿ ಪಿಸಿಯಲ್ಲಿ ಇರುವಂತೆ ಅದರಿಂದ ಬಿಡಿ ಕೇಬಲ್ಲುಗಳು ಹೊರಬಂದಿಲ್ಲ. ಸಫೈರ್ ಕಂಪನಿಯ ಆರ್‌ಎಕ್ಸ್ 580 ಪಲ್ಸ್ ಕಾರ್ಡಿಗೆ ಎಂಟು ಪಿನ್ನಿನ ಒಂದು ಸಾಕೆಟ್ ಇದೆ, ಅಂದರೆ 150 ವ್ಯಾಟಿನ ಲೆಕ್ಕ. ಹಾಗಾಗಿ ಎರಡೂ ಪುಟ್ಟ ಸಾಕೆಟ್‌ಗಳನ್ನು ಕೂಡಿಸಿ ಎಂಟು ಪಿನ್ ಮಾಡುವ ಕೇಬಲ್ಲೇ ಬೇಕು. ಒಂದೇ ಸಾಕೆಟ್ಟನ್ನು ಎಂಟು ಪಿನ್ನಿಗೆ ಏರಿಸುವ ಅಡಾಪ್ಟರುಗಳೂ ಅಗ್ಗಕ್ಕೆ ಸಿಗುತ್ತವೆ. ಅದನ್ನು ಹಾಕಿದಾಗ ಡೆಸ್ಕ್‌ಟಾಪ್ ಚೆನ್ನಾಗಿಯೇ ಬರುತ್ತದೆ. ವಿಡಿಯೊ ರೆಂಡರ್ ಶುರುವಾಗಿ ಕಾರ್ಡ್ ಹೆಚ್ಚು ಎಳೆಯತೊಡಗಿದಾಗ ಯಂತ್ರ ತಟ್ಟನೆ ಆಫ್. ಇಲ್ಲಿ ‘ಹೊಂದಾಣಿಕೆಯಿಲ್ಲ’ ಅಂತ ಬರೆದರೆ ಓದುಗರು ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹುಡುಕುತ್ತಾ ಕೂರುತ್ತಾರೆ. ‘ಕರೆಂಟು ಸಾಲುತ್ತಿಲ್ಲ’ ಅಂದರೆ ನೇರ ಕೇಬಲ್ ನೋಡುತ್ತಾರೆ. ಎಂಟು ಮತ್ತು ಆರು ಪಿನ್ನಿನ ಎರಡು ಸಾಕೆಟ್ ಇರುವ ನೈಟ್ರೊ ಪ್ಲಸ್ ಥರದ ಕಾರ್ಡುಗಳ ತಂಟೆಗೇ ಹೋಗುವುದು ಬೇಡ.

ಮೂರನೆಯದು ಆಪರೇಟಿಂಗ್ ಸಿಸ್ಟಮ್. ಇದಕ್ಕೆ ‘ಗುರುತು ಹಿಡಿಯುತ್ತೆ’ ಚೆನ್ನ. ಈ ಯಂತ್ರಕ್ಕೆ ಆಪಲ್ ಅಧಿಕೃತವಾಗಿ ಕೊಟ್ಟ ಕೊನೆಯ ಆವೃತ್ತಿ ಮೊಹಾವೆ, 10.14. ಮೆಟಲ್, ಅಂದರೆ ಆಪಲ್‌ನ ಗ್ರಾಫಿಕ್ಸ್ ವ್ಯವಸ್ಥೆ, ಬಲ್ಲ ಕಾರ್ಡ್ ಇರಲೇಬೇಕೆಂಬುದು ಅದರ ಷರತ್ತು. ಯಂತ್ರದ ಜೊತೆ ಬಂದ ರೇಡಿಯಾನ್ ಎಚ್‌ಡಿ 5770ಕ್ಕೆ ಮೆಟಲ್ ಇಲ್ಲ. ಎನ್‌ವಿಡಿಯಾದ ಜಿಟಿಎಕ್ಸ್ 1050 ಟಿಐ ಮೊಹಾವೆಗಿಂತ ಹಿಂದಿನ ಆವೃತ್ತಿಯಾದ ಹೈ ಸಿಯೆರಾದಲ್ಲಿ ಆ ಕಂಪನಿಯದೇ ಡ್ರೈವರ್ ಹಾಕಿಕೊಂಡರೆ ನಡೆಯುತ್ತಿತ್ತು. ಮೊಹಾವೆಗೆ ಆ ಡ್ರೈವರ್ ಬರಲೇ ಇಲ್ಲ. ಎಲ್ಲಕ್ಕಿಂತ ಹೆಚ್ಚು ಮೋಸಹೋಗುವುದು ಆರ್‌ಎಕ್ಸ್ 550ರಲ್ಲಿ. ಒಂದೇ ಹೆಸರಿನಲ್ಲಿ ಎರಡು ಚಿಪ್ ಬಂದಿವೆ: ಬಾಫಿನ್ ಇದ್ದರೆ ಮ್ಯಾಕ್ ಗುರುತು ಹಿಡಿಯುತ್ತೆ, ಲೆಕ್ಸಾ ಇದ್ದರೆ ಇಲ್ಲ. ಡಬ್ಬದ ಮೇಲೆ ಚಿಪ್ಪಿನ ಹೆಸರನ್ನು ಯಾರು ಬರೆಯುತ್ತಾರೆ? ಆದ್ದರಿಂದ ಚಿಕ್ಕ ಕಾರ್ಡ್ ಬೇಕೆನ್ನುವವರಿಗೆ 4 ಜಿಬಿಯ ಆರ್‌ಎಕ್ಸ್ 560 ಹೇಳುವುದೇ ಕ್ಷೇಮ. ಅದರ ಹಲವು ಮಾದರಿಗಳಿಗೆ ಬೇರೆ ಕೇಬಲ್ಲೂ ಬೇಡ, ಸ್ಲಾಟಿನ 75 ವ್ಯಾಟೇ ಸಾಲುತ್ತೆ.

ನಾಲ್ಕನೆಯದಕ್ಕೆ ಮಾತ್ರ ನನ್ನ ಮತ ‘ಒಗ್ಗು’ವಿಗೆ. ‘ಆ ಊರಿನ ನೀರು ಒಗ್ಗಲಿಲ್ಲ’ ಅನ್ನುವಾಗ ನೀರಿನಲ್ಲೂ ದೋಷವಿಲ್ಲ, ಕುಡಿದವರಲ್ಲೂ ದೋಷವಿಲ್ಲ. ಇಲ್ಲಿನ ಕಥೆಯೂ ಅದೇ. ಪಿಸಿಗೆಂದು ಮಾಡಿದ ಕಾರ್ಡಿನ ಫರ್ಮ್‌ವೇರ್ (ಒಳಗೇ ತುಂಬಿಟ್ಟ ಮೂಲ ತಂತ್ರಾಂಶ) ಹೊಸ ಯುಇಎಫ್‌ಐ ರೀತಿಯಲ್ಲಿ ಚಿತ್ರ ಕೊಡುತ್ತದೆ, ಯಂತ್ರವನ್ನು ಶುರುಮಾಡುವ ಹಳೆಯ ಇಎಫ್‌ಐ ಫರ್ಮ್‌ವೇರಿಗೆ ಆ ರೀತಿ ಗೊತ್ತಿಲ್ಲ. ಆನ್ ಮಾಡಿದಾಗ ಸೇಬಿನ ಗುರುತು ಬರುವುದಿಲ್ಲ, ಆಪ್ಷನ್ ಕೀ ಒತ್ತಿ ಹಿಡಿದರೂ ಡಿಸ್ಕ್ ಆರಿಸುವ ಪರದೆ ಕಾಣುವುದಿಲ್ಲ. ಡ್ರೈವರ್ ಏಳುವವರೆಗೆ ಬರೀ ಕತ್ತಲು, ಆಮೇಲೆ ನೇರವಾಗಿ ಲಾಗಿನ್. ಕಾರ್ಡ್ ಕೆಟ್ಟಿದೆ ಎಂದು ವಾಪಸ್ ಕೊಡುವವರು ಎಡವುವುದು ಇಲ್ಲೇ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಫೈಲ್‌ವಾಲ್ಟ್ ಹಾಕಿಕೊಂಡವರಿಗಂತೂ ಪಾಸ್‌ವರ್ಡ್ ಕೇಳುವ ಪರದೆಯೇ ಈ ಕತ್ತಲಲ್ಲಿ ಸಿಕ್ಕಿಬೀಳುತ್ತದೆ, ಆದ್ದರಿಂದ ಕಾರ್ಡ್ ಬದಲಿಸುವ ಮೊದಲೇ ಅದನ್ನು ಆಫ್ ಮಾಡಬೇಕು. ಆನ್ ಮಾಡಿದಾಗಿನ ಈ ಪರದೆಯನ್ನು, ಅಂದರೆ ಬೂಟ್ ಪರದೆಯನ್ನು, ತೋರಿಸುವ ಹಳೆಯ 5770ಯನ್ನು ಮಾರದೆ ಇಟ್ಟುಕೊಳ್ಳಿ ಎಂಬ ಸಾಲೂ ಕೈಪಿಡಿಯಲ್ಲಿರಲಿ. ಬೂಟ್ ಪರದೆ ಬೇಕೇ ಬೇಕು ಅನ್ನುವವರಿಗೆ ಎಚ್‌ಡಿ 7950 ಮ್ಯಾಕ್ ಎಡಿಷನ್ ಒಗ್ಗುತ್ತೆ. ಇಲ್ಲವೇ ಓಪನ್‌ಕೋರ್ ಎಂಬ ಬೂಟ್ ತಂತ್ರಾಂಶ ಹಾಕಿಕೊಳ್ಳಬೇಕು.

‘ನಿಶ್ಶಬ್ದ’ವನ್ನು ಪೂರ್ತಿ ತೆಗೆದುಹಾಕಿ. ಯಂತ್ರದ್ದೇ ಹಲವು ಫ್ಯಾನುಗಳು ಸದಾ ತಿರುಗುತ್ತಿರುವಾಗ ಅದು ಸುಳ್ಳು ಭರವಸೆ. ಮೂರು ಮಾತು ಬೇರೆಬೇರೆಯಾಗಿ ಬೇಕು. ‘ಫ್ಯಾನಿಲ್ಲದ’ ಅಂದರೆ ಬರೀ ಹೀಟ್‌ಸಿಂಕ್, ಬಿಸಿ ಹೊರಬಿಡುವ ಲೋಹದ ಪಟ್ಟಿಗಳು. ‘ಫ್ಯಾನ್ ನಿಲ್ಲುವ’ ಅಂದರೆ ಪಲ್ಸ್‌ನಂತೆ ಕೆಲಸ ಕಡಿಮೆಯಿದ್ದಾಗ ಫ್ಯಾನ್ ಪೂರ್ತಿ ನಿಂತು, ಬಿಸಿ ಏರಿದಾಗ ಮತ್ತೆ ತಿರುಗುವುದು. ‘ಸದ್ದು ಕಡಿಮೆಯ’ ಅಂದರೆ ಸದಾ ಮೆಲ್ಲಗೆ ತಿರುಗುವುದು. ಫ್ಯಾನಿಲ್ಲದ್ದೇ ಉತ್ತಮ ಅಂತ ಕಾಣುತ್ತದೆ, ಈ ಯಂತ್ರದಲ್ಲಿ ಹಾಗಲ್ಲ. ಕಾರ್ಡುಗಳ ಗೂಡಿಗೆ ಗಾಳಿ ಊದುವ ಫ್ಯಾನು ಹೊರಗಿನಿಂದ ತಂದ ಕಾರ್ಡಿನ ಬಿಸಿ ನೋಡಿಕೊಂಡು ವೇಗ ಏರಿಸುವುದಿಲ್ಲ. ದೀರ್ಘ ಕೆಲಸದಲ್ಲಿ ಕಾರ್ಡ್ ಬಿಸಿಯಾಗುತ್ತಲೇ ಹೋಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ನಿಲ್ಲುವ ಕಾರ್ಡೇ ಮೇಲು.

ಹಾಗಾದರೆ ಆ ವಾಕ್ಯ ಹೀಗಾಗಬಹುದು: ‘ಕಾರ್ಡ್ ಸ್ಲಾಟಿನಲ್ಲಿ ಕೂರುತ್ತದೆಯೇ, ಅದಕ್ಕೆ ಕರೆಂಟು ಸಾಲುತ್ತದೆಯೇ, ಸಿಸ್ಟಮ್ ಗುರುತು ಹಿಡಿಯುತ್ತದೆಯೇ, ಯಂತ್ರದ ಫರ್ಮ್‌ವೇರಿಗೆ ಒಗ್ಗುತ್ತದೆಯೇ ನೋಡಿ, ಆಮೇಲೆ ಸದ್ದಿನ ವಿಚಾರ.’ ಉದ್ದವಾಯಿತು, ನಿಜ. ಶೀರ್ಷಿಕೆಯಲ್ಲಿ ಒಂದೇ ಪದ ಬೇಕಾದರೆ ‘ಹೊಂದುವ’ ಇರಲಿ, ‘ಹೊಂದಾಣಿಕೆಯಾಗುವ’ ಬೇಡ.

*

ಮೇಲಿನವರ ಮಾತಿಗೆ ಧಾರವಾಡದ ಕಡೆಯಿಂದ ಒಂದಿಷ್ಟು. ‘ಕೂರುತ್ತೆ’ ನಮ್ಮಲ್ಲಿ ‘ಕುಂದರತೈತಿ’. ಬರಹದಲ್ಲಿ ‘ಕೂರುತ್ತದೆ’ ಇದ್ದರೆ ಎಲ್ಲರಿಗೂ ತಿಳಿಯುತ್ತದೆ, ಅಡ್ಡಿಯಿಲ್ಲ. ‘ಒಗ್ಗು’ ಚಂದದ ಪದ, ಆದರೆ ಅದಕ್ಕೆ ‘ಬರಬರುತ್ತ ರೂಢಿಯಾಗು’ ಎಂಬ ಅರ್ಥವೂ ಇದೆ. ಇವತ್ತು ಒಗ್ಗದ ಕಾರ್ಡ್ ನಾಲ್ಕು ದಿನ ಬಿಟ್ಟರೆ ಒಗ್ಗೀತು ಅಂತ ಯಾರಾದರೂ ಕಾದಾರು! ಅಲ್ಲಿ ‘ಬೂಟ್ ಪರದೆ ಬರುವುದಿಲ್ಲ’ ಎಂದು ನೇರ ಬರೆಯುವುದೇ ನನಗೆ ಹಿತ. ಇನ್ನು ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯಲ್ಲಿ ಕೇಳುವುದು ‘ಇದಕ್ಕೆ ಸಪೋರ್ಟ್ ಆಗುತ್ತಾ?’ ಅಂತ. ಓದುಗರು ಅಲ್ಲಿಗೇ ಹೋಗುವವರು, ಆ ಮಾತನ್ನೂ ಒಮ್ಮೆ ಬಳಸಿಬಿಡಿ.

ಸದ್ದಿನ ಮಾತಿಗೆ ಬಂದರೆ, ದೋಷ ಪತ್ತೆಯ ಪುಟದಲ್ಲಿ ‘ಶಬ್ದ ಬರುತ್ತದೆ’ ಅಂತಷ್ಟೇ ಬರೆದರೆ ಉಪಯೋಗವಿಲ್ಲ. ‘ಗುಂಯ್’ ಎಂದು ಏರಿ ಇಳಿಯುತ್ತಿದ್ದರೆ ಅದು ಫ್ಯಾನಿನ ವೇಗ. ಹೀಟ್‌ಸಿಂಕಿನ ಧೂಳು ಊದಿ ತೆಗೆಯಬೇಕು, ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದಿರಬೇಕು. ‘ಕರಕರ’ ಅಂದರೆ ಬೇರಿಂಗ್ ಸವೆದಿದೆ, ಫ್ಯಾನನ್ನೇ ಬದಲಿಸಬೇಕು. ಜೀರುಂಡೆಯಂತೆ ‘ಜೀಂ’ ಎಂದರೆ ಫ್ಯಾನಿಗೆ ಸಂಬಂಧವಿಲ್ಲ, ಕಾರ್ಡಿನ ಮೇಲಿನ ಕಾಯಿಲ್ ಕಂಪಿಸುತ್ತಿದೆ. ಇದಕ್ಕೆ ‘ಕಾಯಿಲ್ ಜೀಂಗುಡುವುದು’ ಎಂದೇ ಬರೆಯಬಹುದು. ಕಾರ್ಡ್ ಸೆಕೆಂಡಿಗೆ ನೂರಾರು ಫ್ರೇಮ್ (ಬಿಡಿ ಚಿತ್ರ) ಬಿಡಿಸುವಾಗ ಇದು ಜೋರಾಗುತ್ತದೆ. ಪರದೆಯ ವೇಗಕ್ಕೆ ಫ್ರೇಮುಗಳನ್ನು ಕಟ್ಟುವ ವಿ-ಸಿಂಕ್ ಆಯ್ಕೆ ಹಾಕಿ ಫ್ರೇಮ್ ಲೆಕ್ಕವನ್ನು 60ಕ್ಕೆ ಕಟ್ಟಿದರೆ ಬಹಳಷ್ಟು ಸಲ ತಗ್ಗುತ್ತದೆ.