ಪೇಪರ್ ಮಿಲ್ ನೀರು ಸೇರುವ ಹೊಂಡ: ಮೀನು ಸಾಯ್ತಿಲ್ಲ, ಆದರೆ ಬೆಳೀತಾನೂ ಇಲ್ಲ

ಭೀಮಾತೀರ (ಪುಣೆ):
ಪುಣೆ ಜಿಲ್ಲೆಯಲ್ಲಿ 20 ಗುಂಟೆ ಹೊಂಡ, ಕಾಟ್ಲಾ ಮತ್ತು ರೋಹು ಬಿಟ್ಟಿದೆ. ನೀರು ಹಳ್ಳದ್ದು. ಹಳ್ಳದ ಮೇಲ್ಭಾಗದಲ್ಲಿ ರದ್ದಿ ಕಾಗದದಿಂದ ಹೊಸ ಕಾಗದ ಮಾಡುವ ಮಿಲ್ ಇದೆ. ಅವರು ಕೊಟ್ಟ ವರದಿಯಲ್ಲಿ ಬಿಓಡಿ (ಕೊಳೆ ಕರಗಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) ಲೀಟರಿಗೆ 28 ಮಿ.ಗ್ರಾಂ, ಸಿಓಡಿ (ರಾಸಾಯನಿಕದಿಂದ ಅಳೆದ ಆಮ್ಲಜನಕದ ಬೇಡಿಕೆ) 220, ಮಿಲ್ ನೀರಲ್ಲಿ ಮೀನು ಬಿಟ್ಟು ನೋಡುವ 96 ಗಂಟೆ ಪರೀಕ್ಷೆಯೂ ಪಾಸ್. ಆದರೂ ಮೀನು ಮೇವು ಸರಿಯಾಗಿ ತಿನ್ನಲ್ಲ, ಕಿವಿರಿನ ಮೇಲೆ ಲೋಳೆ, ಎರಡು ವರ್ಷವಾದರೂ ಮರಿ ಇಲ್ಲ. ಯಾವ ಪರೀಕ್ಷೆ ಮಾಡಿಸಬೇಕು?

ನೀರ್ಲೆಕ್ಕ:
ವರದಿ ಸುಳ್ಳಿರಬೇಕು ಅಂತೇನಿಲ್ಲ. ಬಿಓಡಿ 30, ಸಿಓಡಿ 250ರ ಮಿತಿಯೊಳಗೇ ಇದೆ. ಆದರೆ ಹೊರಬಿಟ್ಟ ನೀರಿಗೆ ಹಳ್ಳದಲ್ಲಿ ಬೇರೆ ನೀರು ಬೆರೆಯುತ್ತದೆ ಅನ್ನೋ ಲೆಕ್ಕ ಆ ಮಿತಿಯ ಹಿಂದಿದೆ. ಏಪ್ರಿಲ್‌ನಲ್ಲಿ ನಿಮ್ಮ ಹಳ್ಳದಲ್ಲಿ ಹರಿಯೋದೇ ಮಿಲ್ ನೀರು ಅಂದರೆ ಬೆರೆಯೋದೇನು? 30 ಡಿಗ್ರಿ ನೀರು ಹಿಡಿದಿಡುವ ಆಮ್ಲಜನಕ ಲೀಟರಿಗೆ ಸುಮಾರು 7.5 ಮಿ.ಗ್ರಾಂ. 28 ಮಿ.ಗ್ರಾಂ ಆಮ್ಲಜನಕ ಕೇಳುವ ಕೊಳೆ ಅದನ್ನು ಪೂರ್ತಿ ನುಂಗಬಲ್ಲದು.

ಮೊದಲು ಮೀಟರ್ ತಂದು ಬೆಳಗಿನ ಜಾವ 5ರಿಂದ 6ರೊಳಗೆ ಆಮ್ಲಜನಕ ಅಳೆಯಿರಿ, ಮೇಲೆ ಒಮ್ಮೆ, ತಳದಿಂದ ಒಂದಡಿ ಎತ್ತರದಲ್ಲಿ ಒಮ್ಮೆ. ಮಧ್ಯಾಹ್ನದ ಅಳತೆ ನಂಬಬೇಡಿ, ಪಾಚಿ ಅದನ್ನು ಏರಿಸಿರುತ್ತದೆ. 5ರ ಮೇಲಿದ್ದರೆ ನೆಮ್ಮದಿ, 3ರ ಕೆಳಗೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಟೈಟ್ರೇಶನ್ ಕಿಟ್ (ಹನಿ ಹನಿ ದ್ರಾವಣ ಹಾಕಿ ಬಣ್ಣ ಬದಲಾಗುವುದನ್ನು ನೋಡಿ ಅಳೆಯುವುದು) ಬೇಡ: ಮಿಲ್ ನೀರಿನ ಕಂದು ಬಣ್ಣದಲ್ಲಿ ಆ ಬದಲಾವಣೆ ಕಾಣಲ್ಲ, ನೀರಲ್ಲಿ ಸಲ್ಫೈಟ್ ಇದ್ದರೆ ಕಡಿಮೆ ತೋರಿಸುತ್ತದೆ.

ತಳದ ಕೆಸರನ್ನೂ ಕೋಲಲ್ಲಿ ಎತ್ತಿ ನೋಡಿ. ಕರಿ ಬಣ್ಣ, ಕೊಳೆತ ಮೊಟ್ಟೆ ವಾಸನೆ ಇದ್ದರೆ ಕಾಗದದ ನಾರು ಕೂತು ಕೊಳೆಯುತ್ತಿದೆ, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತಿದೆ. ಮುಂಗಾರಿನ ಮೊದಲ ನೀರನ್ನಂತೂ ಒಳಗೆ ಬಿಡಲೇಬೇಡಿ. ಹಳ್ಳದಲ್ಲಿ ಬೇಸಿಗೆಯಿಡೀ ಕೂತ ಕೆಸರು ಒಮ್ಮೆಲೇ ಎದ್ದು ಬರುತ್ತದೆ.

ಗೆಂಡೆಮೀನು:
ಮರಿ ಇಲ್ಲ ಅನ್ನೋದನ್ನು ಮಿಲ್ ಮೇಲೆ ಹಾಕಬೇಡಿ. ಕಾಟ್ಲಾ, ರೋಹು ನಿಂತ ನೀರಲ್ಲಿ ಮರಿ ಮಾಡುವುದೇ ಇಲ್ಲ, ಅವಕ್ಕೆ ಮಳೆಗಾಲದ ಹರಿವು ಬೇಕು.

ಸಂತಾನದ ತೊಂದರೆ ನೋಡಬೇಕಂದರೆ ಹಳ್ಳದಲ್ಲೇ ಮರಿ ಮಾಡುವ ಸಣ್ಣ ಗೆಂಡೆ ಹಿಡಿಯಿರಿ. ಮಿಲ್‌ಗಿಂತ ಮೇಲೆ 20 ಹೆಣ್ಣು, ಕೆಳಗೆ 20 ಹೆಣ್ಣು, ಒಂದೇ ವಾರದಲ್ಲಿ, ಮಳೆಗೆ ಮುಂಚೆ. ಅಂಡಾಶಯದ ತೂಕವನ್ನು ಮೈತೂಕದಿಂದ ಭಾಗಿಸಿ 100ರಿಂದ ಗುಣಿಸಿ, ಪಿತ್ತಜನಕಾಂಗಕ್ಕೂ ಹಾಗೇ. ಕೆಳಗಿನವುಗಳಲ್ಲಿ ಅಂಡಾಶಯ ಚಿಕ್ಕದು, ಪಿತ್ತಜನಕಾಂಗ ದೊಡ್ಡದು ಬಂದರೆ ಅನುಮಾನಕ್ಕೆ ಬಲ ಬಂತು. ಕೆನಡಾದ ಜಾಕ್‌ಫಿಶ್ ಬೇಯಲ್ಲಿ ವೈಟ್ ಸಕರ್ ಮೀನಿಗೆ ಆದದ್ದು ಇದೇ. 1989ರಲ್ಲಿ ಅಲ್ಲಿನ ಮಿಲ್ ಜೈವಿಕ ಶುದ್ಧೀಕರಣ ಶುರು ಮಾಡಿದ ಮೇಲೂ ಪೂರ್ತಿ ಸರಿಹೋಗಲಿಲ್ಲ. 96 ಗಂಟೆ ಪರೀಕ್ಷೆ ಹೇಳುವುದು ಮೀನು ಸತ್ತಿತೋ ಇಲ್ಲವೋ ಅಂತ, ಅಷ್ಟೇ. ಹಾರ್ಮೋನ್ ಏರುಪೇರು ಅದರಲ್ಲಿ ಸಿಗಲ್ಲ.

ತಿಲಾಪಿಯಾ (ಇಲ್ಲಿಯವರ ಚಿಲಾಪಿ) ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ಕಿವಿಗೊಡಬೇಡಿ, ಅದು ಎಂಥ ನೀರಲ್ಲೂ ಬದುಕುತ್ತೆ.

ಕಿವಿರಿಗೆ: ಸತ್ತ ಮೀನು ಬೇಡ, ಸುಸ್ತಾದ ಮೀನು ತಗೊಳ್ಳಿ. ಸತ್ತ ಸ್ವಲ್ಪ ಹೊತ್ತಿಗೇ ಕಿವಿರು ಕೆಡುತ್ತದೆ. ಎರಡನೇ ಕಿವಿರು ಕಮಾನು ಕತ್ತರಿಸಿ ಕೂಡಲೇ 10% ಬಫರ್ಡ್ ಫಾರ್ಮಲಿನ್‌ಗೆ (ಕೆಡದಂತೆ ಇಡುವ ದ್ರಾವಣ) ಹಾಕಿ, ತುಂಡಿನ ಹತ್ತು ಪಟ್ಟು ದ್ರಾವಣ ಇರಲಿ. ಕಿವಿರಿನ ಎಳೆಗಳು ಊದಿವೆಯೇ, ಒಂದಕ್ಕೊಂದು ಅಂಟಿವೆಯೇ, ನಡುವೆ ಕಾಗದದ ನಾರು ಸಿಕ್ಕಿದೆಯೇ ಅಂತ ಲ್ಯಾಬಿನವರನ್ನು ಕೇಳಿ.

ನೀರ್ಲೆಕ್ಕ:
ಒಂದು ಮಾತು ಬಿಟ್ಟುಹೋಯಿತು. ಮಿಲ್‌ನಲ್ಲಿ ಕ್ಲೋರಿನ್ ಅಥವಾ ಹೈಪೋಕ್ಲೋರೈಟ್‌ನಿಂದ ಕಾಗದ ಬಿಳಿ (ಬ್ಲೀಚ್) ಮಾಡ್ತಾರಾ?

ಭೀಮಾತೀರ:
ಇಲ್ಲ ಸರ್, ರಟ್ಟಿನ ಡಬ್ಬಿಗೆ ಬೇಕಾದ ಕಂದು ಕ್ರಾಫ್ಟ್ ಕಾಗದ ಮಾತ್ರ.

ನೀರ್ಲೆಕ್ಕ:
ಹಾಗಾದರೆ ಡಯಾಕ್ಸಿನ್, ಎಓಎಕ್ಸ್ (ಕ್ಲೋರಿನ್ ಬ್ಲೀಚ್‌ನಿಂದ ಹುಟ್ಟುವ ಸಂಯುಕ್ತಗಳು) ಪರೀಕ್ಷೆಗೆ ಈಗಲೇ ದುಡ್ಡು ಸುರಿಯಬೇಡಿ. ಅದೇ ದುಡ್ಡಲ್ಲಿ ಒಂದು ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ತಂದು ರಾತ್ರಿ 12ರಿಂದ ಬೆಳಕಾಗುವವರೆಗೆ ಓಡಿಸಿ. ಬೆಳಗ್ಗೆ ಆಮ್ಲಜನಕ 4 ದಾಟುವ ತನಕ ಮೇವು ಅರ್ಧಕ್ಕಿಳಿಸಿ.