ಸಹಾಯ ಬೇಕು: ಕಡಲ್ಕೊರೆತ ತಡೆಗೋಡೆಯ ಮನವಿಗೆ ತಾಂತ್ರಿಕ ಸಲಹೆ

ಮುಂಬಯಿಯ ಕನ್ನಡ ಬಂಧುಗಳಿಗೆ ನಮಸ್ಕಾರ. ಉಡುಪಿ ಜಿಲ್ಲೆಯ ಕಡಲತೀರದಲ್ಲಿರುವ ನಮ್ಮೂರಿನ ಗ್ರಾಮ ಪಂಚಾಯಿತಿ ಅಧ್ಯಕ್ಷರು, ಮಳೆಗಾಲದ ಕಡಲ್ಕೊರೆತಕ್ಕೆ ಸಿಕ್ಕಿರುವ ಮೀನುಗಾರಿಕಾ ರಸ್ತೆಯನ್ನು ಸರಿಪಡಿಸಿ ತಡೆಗೋಡೆ ಕಟ್ಟಲು ಅನುದಾನ ಕೋರುವ ಮನವಿಯನ್ನು ಸಿದ್ಧಪಡಿಸುತ್ತಿದ್ದು, ಅದರ ಕರಡನ್ನು ತಿದ್ದಿಕೊಡುವಂತೆ ಇಲ್ಲಿರುವ ನಮ್ಮನ್ನು ಕೇಳಿದ್ದಾರೆ. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಒಬ್ಬರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಅದು ಇಡೀ ಕ್ಷೇತ್ರಕ್ಕೆ ಹಂಚಿಹೋಗುವುದರಿಂದ, ರಸ್ತೆಗೆ ಅದನ್ನು ಕೋರಿ, ಗೋಡೆಗೆ ರಾಜ್ಯ ಸರಕಾರವನ್ನು ಪ್ರತ್ಯೇಕವಾಗಿ ಕೇಳುವುದೇ ಲೇಸೆಂದು ನನ್ನ ಅಭಿಪ್ರಾಯ. ಬರೀ ಬಂಡೆ ಸುರಿದರೆ ನಾಡದೋಣಿ ಎಳೆದಿಡಲು ಜಾಗ ಉಳಿಯದು, ಕೊರೆತವೂ ಪಕ್ಕದ ಊರಿಗೆ ಸರಿಯಬಹುದು (ಅಲ್ಲಿಯವರೂ ನಮ್ಮ ನೆಂಟರೇ). 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಅನುಮತಿ ಪ್ರಕ್ರಿಯೆ ಬಲ್ಲ, ಬಂದರು ಅಥವಾ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ. ಯಾವುದಾದರೂ ಭಾನುವಾರ ಡೊಂಬಿವಲಿಯಲ್ಲೋ ಮಾಟುಂಗಾದಲ್ಲೋ ಭೇಟಿಯಾಗಿ ಕರಡು ತೋರಿಸಬಲ್ಲೆವು.