ನವೆಂಬರ್ ಕೊನೆಯಲ್ಲಿ ಬಾರ್ಬಡೋಸ್ ಪ್ರವಾಸ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಗೆ ಬಂದಿರುವ ಅಪ್ಪ ಅಮ್ಮನನ್ನು ನವೆಂಬರ್ ಕೊನೆಯ ವಾರ ಬಾರ್ಬಡೋಸ್‌ಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅಲ್ಲಿಗೆ ಹೋಗಿ ಬಂದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಅಟ್ಲಾಂಟಿಕ್ ಚಂಡಮಾರುತದ ಋತು ನವೆಂಬರ್ 30ರವರೆಗೂ ಇರುತ್ತದೆ. ಆದರೂ ಈ ದ್ವೀಪವು ಉಳಿದ ದ್ವೀಪಗಳ ಸಾಲಿನಿಂದ ಪೂರ್ವಕ್ಕೆ ಸರಿದಿರುವುದರಿಂದಲೂ, ಆ ಹೊತ್ತಿಗೆ ಚಂಡಮಾರುತಗಳು ವಿರಳವಾಗುವುದರಿಂದಲೂ ಧೈರ್ಯ ಮಾಡಿದ್ದೇನೆ. ನನ್ನ ಚಿಂತೆಯೆಲ್ಲ ಮಳೆಯದು: ಆಗ ಬಿಟ್ಟು ಬಿಟ್ಟು ಬರುವ ಮಳೆಯೋ, ದಿನವಿಡೀ ಹಿಡಿದುಕೊಳ್ಳುವ ಮಳೆಯೋ?

2024ರ ಜೂನ್ 29ರಂದು ರಾಹುಲ್ ದ್ರಾವಿಡ್ ಅವರ ತರಬೇತಿಯಲ್ಲಿದ್ದ ಭಾರತ ತಂಡವು ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದ ಕೆನ್ಸಿಂಗ್ಟನ್ ಓವಲ್ ಮೈದಾನವನ್ನು ಕಣ್ಣಾರೆ ನೋಡಬೇಕೆಂಬುದು ಅಪ್ಪನ ಬಹುದಿನದ ಆಸೆ. ಪಂದ್ಯವಿಲ್ಲದ ದಿನಗಳಲ್ಲಿ ಒಳಗೆ ಬಿಡುತ್ತಾರೆಯೇ? ನವೆಂಬರ್ 30 ಅಲ್ಲಿನ ಸ್ವಾತಂತ್ರ್ಯ ದಿನವಾದ್ದರಿಂದ ಅಂದು ಅಂಗಡಿ, ಬಸ್ಸುಗಳ ವ್ಯವಸ್ಥೆ ಹೇಗಿರುತ್ತದೆ ಎಂಬುದನ್ನೂ ತಿಳಿಸಿ.

ಅಮ್ಮನಿಗೆ ಮಂಡಿನೋವು. ಪೂರ್ವ ತೀರದ ಬಾತ್‌ಶೀಬಾದಲ್ಲಿ ಅಲೆಗಳ ಸೆಳೆತ ಜೋರು, ಅದನ್ನು ದೂರದಿಂದ ನೋಡಿದರೆ ಸಾಕು. ಸಮುದ್ರ ಶಾಂತವಾಗಿರುವ ಪಶ್ಚಿಮ ತೀರದಲ್ಲಿ, ಮೆಟ್ಟಿಲು ಇಳಿಯದೆ ನೀರಿಗೆ ಕಾಲಿಡಬಹುದಾದ ಜಾಗ ಯಾವುದು?

ಇನ್ನು ಊಟ. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಮೆಕ್ಕೆಜೋಳದ ಹಿಟ್ಟು, ಬೆಂಡೆಕಾಯಿ ಹಾಕಿ ಮುದ್ದೆಯಂತೆ ತಿರುವಿ ಮಾಡುವ ಕೂಕೂ ನಮಗೆ ಒಗ್ಗೀತು ಅನ್ನಿಸುತ್ತದೆ, ಆದರೆ ಅದನ್ನು ಮೀನಿನ ಸಾರಿನೊಂದಿಗೇ ಬಡಿಸುವುದು ವಾಡಿಕೆ. ಮೀನಿಲ್ಲದೆ ಬರೀ ತರಕಾರಿ ಸಾರಿನೊಂದಿಗೆ ಕೊಡುವ ಹೋಟೆಲು ಬ್ರಿಡ್ಜ್‌ಟೌನ್‌ನ ಸುತ್ತಮುತ್ತ ಇದ್ದರೆ, ಅಥವಾ ಅಡುಗೆಮನೆಯಿರುವ ಬಾಡಿಗೆ ಮನೆಯೇ ಮೇಲೆಂದು ನಿಮಗೆ ತೋರಿದರೆ, ದಯವಿಟ್ಟು ಬರೆಯಿರಿ. ಟಿಕೆಟ್ ಕಾಯ್ದಿರಿಸುವ ಮೊದಲೇ ಇದನ್ನು ತೀರ್ಮಾನಿಸಬೇಕಾಗಿದೆ.